ಕೆರೆ ಎಲ್ಲಿಗೆ ಬಂತು?

ಭಾನುವಾರ ಪೂಜೆ ಮುಗಿಸಿ ಚರ್ಚಿನ ಮೆಟ್ಟಿಲಿಳಿದರೆ ಸಾಕು, ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು, “ನಿಮ್ಮ ಸ್ವಿಮ್ಮಿಂಗ್ ಪೂಲ್ ಎಲ್ಲಿಗೆ ಬಂತು ಮಾರಾಯ್ರೆ?” ಕೆಲವರು ನಿಜವಾಗಿ ತಿಳಿಯಲು ಕೇಳುತ್ತಿದ್ದರು, ಹೆಚ್ಚಿನವರು ನಗಲು. ಎರಡು ವರ್ಷ ನಾವು ಕೊಟ್ಟ ಉತ್ತರ ಒಂದೇ: “ಈ ಮಳೆಗಾಲದ ಮೊದಲು ಆಗ್ತದೆ.” ಯಾವ ಮಳೆಗಾಲ ಎಂದು ಹೇಳದ ಕಾರಣ ಅದು ಪೂರ್ತಿ ಸುಳ್ಳೂ ಆಗಲಿಲ್ಲ. ಈಗ ಕೆಲಸ ಮುಗಿದಿದೆ. ಒಬ್ಬೊಬ್ಬರಿಗೆ ಹೇಳಿ ಸಾಕಾಗಿದೆ, ಆದ್ದರಿಂದ ಎಲ್ಲರಿಗೂ ಒಟ್ಟಿಗೆ ಹೇಳಿಬಿಡುತ್ತೇವೆ.

ನಾವು ಅಂದರೆ ಮನೆಯ ಮೂವರು ಮಕ್ಕಳು. ಒಬ್ಬರದ್ದು ಬಿಎಸ್ಸಿ ಆಗಿದೆ, ಒಬ್ಬನದ್ದು ಐಟಿಐ, ಚಿಕ್ಕವಳು ಪ್ಲಸ್ ಟು. ಮನೆ ಇರುವುದು ಮಂಜೇಶ್ವರ ತಾಲೂಕಿನ ಒಳಭಾಗದಲ್ಲಿ, ಗುಡ್ಡದ ಇಳಿಜಾರಿನಲ್ಲಿ. ಹಿಂದೆ ಗುಡ್ಡ, ಕೆಳಗೆ ಅಡಿಕೆ ತೋಟ, ಅದರಾಚೆ ತೋಡು. ಮನೆಯ ಹಿಂದೆ ಹಟ್ಟಿ ಇದ್ದ ಜಾಗ ದನ ಮಾರಿದ ಮೇಲೆ ಖಾಲಿ ಬಿದ್ದಿತ್ತು. ಕೊಳ ಆದದ್ದು ಅಲ್ಲಿ. ಅದಕ್ಕೆ ಮೊದಲಿನಿಂದಲೂ ಮೂರು ಹೆಸರು. ಅಪ್ಪನಿಗೆ ಅದು ಕೆರೆ, ಯಾಕೆಂದರೆ ತೋಟಕ್ಕೆ ನೀರು ಬಿಡಲು ಒಂದು ಟಾಂಕಿ ಬೇಕೆಂದು ಅವರಿಗೆ ಹತ್ತು ವರ್ಷದ ಆಸೆ. ತಂಗಿಗೆ ಸ್ವಿಮ್ಮಿಂಗ್ ಪೂಲ್. ಅಮ್ಮನಿಗೆ ಗುಂಡಿ.

ಯಾಕೆ ಬೇಕಿತ್ತು ಎಂಬುದು ನಮ್ಮ ವಾಳೆಯವರಿಗೆ ಗೊತ್ತು. 2023ರ ಓಣಂ ರಜೆಯಲ್ಲಿ ನಮ್ಮ ಭಾನುವಾರದ ತರಗತಿಯ ಒಬ್ಬ ಹುಡುಗ, ಏಳನೇ ಕ್ಲಾಸಿನವನು, ಗೆಳೆಯರ ಜೊತೆ ಹಳೆಯ ಕಲ್ಲಿನ ಕೋರೆಗೆ ಹೋದ. ಮುರಕಲ್ಲು ಕಡಿದು ಬಿಟ್ಟ ಕೋರೆಗಳನ್ನು ನೋಡದವರು ನಮ್ಮ ಊರಿನಲ್ಲಿ ಇಲ್ಲ. ಮೇಲಿನಿಂದ ನೋಡಿದರೆ ಚೌಕದ ಕೊಳದ ಹಾಗೆ ಚಂದ, ನೀರು ತಿಳಿಹಸಿರು. ಆದರೆ ಯಂತ್ರದಲ್ಲಿ ಕೊಯ್ದ ಗೋಡೆ ನೆಟ್ಟಗೆ ಇರುತ್ತದೆ. ಇಳಿಜಾರು ಇಲ್ಲ, ಕಾಲಿಡಲು ಮೆಟ್ಟಿಲಿಲ್ಲ, ಕೈಗೆ ಸಿಗುವುದು ಪಾಚಿ ಕಟ್ಟಿದ ಕಲ್ಲು ಮಾತ್ರ. ದಡದಿಂದ ಒಂದು ಹೆಜ್ಜೆ ಆಚೆ ಹೋದರೆ ಹದಿನೈದು ಅಡಿ. ಅವನಿಗೆ ಈಜು ಬರುತ್ತಿರಲಿಲ್ಲ. ಜೊತೆಗಿದ್ದ ನಾಲ್ವರಿಗೂ ಬರುತ್ತಿರಲಿಲ್ಲ.

ನೀರಿಗಿಳಿದು ಅವನನ್ನು ಮೇಲೆ ತಂದದ್ದು ನಮ್ಮ ನೆರೆಯ ಕಾಕ. ಬಾವಿ ತೋಡುವುದು, ಬಾವಿಯ ಕೆಸರು ತೆಗೆಯುವುದು ಅವರ ಕೆಲಸ. ಬಾವಿಗೆ ಬಿದ್ದ ಕೊಡಪಾನದಿಂದ ಹಿಡಿದು ಪಂಪಿನವರೆಗೆ ಏನು ತೆಗೆಯಬೇಕಾದರೂ ಊರಿನವರು ಕರೆಯುವುದು ಅವರನ್ನೇ. ಆ ದಿನ ಅವರಿಗೆ ಸುದ್ದಿ ಮುಟ್ಟುವಾಗ ಒಂದು ಗಂಟೆ ಕಳೆದಿತ್ತು. ಸಂಜೆ ನಮ್ಮ ಜಗಲಿಯಲ್ಲಿ ಒದ್ದೆ ಪಂಚೆಯಲ್ಲಿ ಕೂತು ಕಾಕ ಅಪ್ಪನ ಹತ್ತಿರ ಒಂದೇ ಮಾತು ಹೇಳಿದರು, “ನಾಲ್ಕು ಮಕ್ಕಳು ದಡದಲ್ಲಿ ನಿಂತಿದ್ದರು ಪೊರ್ಬುಳೇ, ಒಬ್ಬನಿಗಾದರೂ ಬರುತ್ತಿದ್ದರೆ.”

ನಮಗೂ ಬರುತ್ತಿರಲಿಲ್ಲ. ಅದು ನಾಚಿಕೆಯ ವಿಷಯ. ನಮ್ಮ ಅಜ್ಜನ ಕಾಲದವರು ಒಣ ತೆಂಗಿನಕಾಯಿ ಎರಡನ್ನು ಸಿಪ್ಪೆಯಲ್ಲೇ ಜೋಡಿ ಕಟ್ಟಿ ಎದೆಗೆ ಸಿಕ್ಕಿಸಿಕೊಂಡು ಮದಕದಲ್ಲಿ ಕಲಿತವರು. ಅಪ್ಪ ತೋಡಿನ ಕಟ್ಟದಲ್ಲಿ ಕಲಿತವರು. ತೋಡಿಗೆ ಕಟ್ಟ ಕಟ್ಟುವುದು ನಿಂತಿತು, ಮದಕ ಹೂಳು ತುಂಬಿತು, ನಮ್ಮ ಪ್ರಾಯದವರು ನೀರು ಕಂಡದ್ದು ಬಚ್ಚಲಿನಲ್ಲಿ.

ಹಾಗೆ ಶುರುವಾಯಿತು. ಉದ್ದ 30 ಅಡಿ, ಅಗಲ 15 ಅಡಿ. ಒಂದು ಕಡೆ 3 ಅಡಿ ಆಳ, ಇನ್ನೊಂದು ಕಡೆ ನಾಲ್ಕೂವರೆ. ನೀರು ಸುಮಾರು 48 ಸಾವಿರ ಲೀಟರ್. ಶನಿವಾರ, ಭಾನುವಾರ ವಾಳೆಯ ಮಕ್ಕಳಿಗೆ ಕಾಕ ಕಲಿಸುವುದು, ಉಳಿದ ದಿನ ಅಪ್ಪನ ತೋಟಕ್ಕೆ. ಕಾಗದದಲ್ಲಿ ಎಲ್ಲ ಸರಿಯಾಗಿತ್ತು. ಖರ್ಚು ಒಂದೂವರೆ ಲಕ್ಷ, ಸಮಯ ನಾಲ್ಕು ತಿಂಗಳು. ಅಮ್ಮ ಕಾಗದ ನೋಡಲೇ ಇಲ್ಲ. “ಊರಿನಲ್ಲಿ ಇರುವ ಗುಂಡಿ ಸಾಲದಾ? ಇನ್ನೊಂದು ನನ್ನ ಮನೆಯ ಹಿಂದೆಯೇ ಬೇಕಾ?” ಎಂದು ಒಳಗೆ ಹೋದರು.

2024ರ ಜನವರಿ, ಅಡಿಕೆ ಕೊಯ್ಲು ಮುಗಿಯುತ್ತಿದ್ದ ಸಮಯ. ಜೇಸಿಬಿ ಬಂತು. ಮೊದಲ ಎರಡು ಅಡಿ ಬೆಣ್ಣೆಯ ಹಾಗೆ ಹೋಯಿತು. ಆಮೇಲೆ ಕಲ್ಲು. ನಮ್ಮ ಗುಡ್ಡದ ಮುರ ಎಂದರೆ ಜೇಸಿಬಿಯ ಹಲ್ಲು ಜಾರುವಂಥದ್ದು. ಡ್ರೈವರ್ ಇಳಿದು ಬಕೆಟ್ ನೋಡಿದ, ನಮ್ಮನ್ನು ನೋಡಿದ, ಬ್ರೇಕರ್ ಇರುವ ಹಿಟಾಚಿ ಬೇಕು ಎಂದ. ಹಿಟಾಚಿ ಸಿಗುವಾಗ ಫೆಬ್ರವರಿ 20. ಕಲ್ಲಿನ ಪದರ ಒಡೆದದ್ದೇ ಕೆಳಗೆ ಶೇಡಿ ಮಣ್ಣು, ಬಿಳಿ ಗುಲಾಬಿ ಬಣ್ಣದ್ದು, ಕೈಯಲ್ಲಿ ಹಿಡಿದರೆ ಸಾಬೂನಿನ ಹಾಗೆ. ಕಾಕ ಅದನ್ನು ಬೆರಳಿನಲ್ಲಿ ತಿಕ್ಕಿ ನೋಡಿ, “ಇದು ಮಳೆಗಾಲದಲ್ಲಿ ನಿಮ್ಮ ಮಾತು ಕೇಳುವುದಿಲ್ಲ,” ಎಂದರು. ನಾವು ತಲೆಯಾಡಿಸಿದೆವು. ಅರ್ಥವಾಗಿತ್ತು ಎಂದು ಹೇಳಲಾರೆವು.

ಅಗೆದ ಮಣ್ಣು ಮನೆಯ ಹಿಂದೆ ಗುಡ್ಡೆಯಾಯಿತು. ಅದನ್ನು ಲಾರಿಯಲ್ಲಿ ಹೊರಗೆ ಸಾಗಿಸಬೇಕಾದರೆ ಅನುಮತಿ ಬೇಕು. ಅರ್ಜಿಯನ್ನು ಕನ್ನಡದಲ್ಲಿ ಬರೆದು ಕೊಟ್ಟೆವು, ಗಡಿನಾಡಿನ ನಮಗೆ ಅದು ಹಕ್ಕು. ಉತ್ತರ ಬಂದದ್ದು ಮಲಯಾಳದಲ್ಲಿ. ನಮ್ಮ ಮನೆಯಲ್ಲಿ ಕೊಂಕಣಿ, ನೆರೆಕರೆಯಲ್ಲಿ ತುಳು, ಶಾಲೆಯಲ್ಲಿ ಕಲಿತದ್ದು ಕನ್ನಡ. ಮಲಯಾಳ ಮಾತಾಡಲು ಬರುತ್ತದೆ, ಬಸ್ಸಿನ ಬೋರ್ಡು ಓದಲು ಬರುತ್ತದೆ. ಸರಕಾರಿ ಮಲಯಾಳ ಓದಲು ಬೇರೆಯೇ ಜನ್ಮ ಬೇಕು. ಅನುಮತಿ ಸಿಕ್ಕಿತೆಂದು ನಾವೇ ತಿಳಿದುಕೊಂಡು ಕಾಗದವನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟೆವು. ನೆರೆಯ ಟೀಚರ್ ಒಬ್ಬರು ಬಂದಾಗ ತೋರಿಸಿದರೆ, 15 ದಿನದೊಳಗೆ ಜಾಗದ ಸ್ಕೆಚ್ ಕೊಡದಿದ್ದರೆ ಅರ್ಜಿ ತಳ್ಳಿಹಾಕಲಾಗುವುದು ಎಂದು ಅದರಲ್ಲಿತ್ತು. ಅದು 19ನೇ ದಿನ. ಕೊನೆಗೆ ಮಣ್ಣನ್ನು ಎಲ್ಲಿಗೂ ಸಾಗಿಸಲಿಲ್ಲ, ಅಂಗಳದ ತಗ್ಗಿಗೇ ಹಾಕಿ ಸಮ ಮಾಡಿದೆವು. ಅದನ್ನು ಮೊದಲ ದಿನವೇ ಮಾಡಬಹುದಿತ್ತು.

ಗೋಡೆಗೆ ಕಲ್ಲು ಇಡಲು ಬಂದ ನಾಲ್ವರು ಪಶ್ಚಿಮ ಬಂಗಾಳದವರು. ಒಳ್ಳೆಯ ಕೆಲಸಗಾರರು. ಏಪ್ರಿಲಿನಲ್ಲಿ ಲೋಕಸಭೆ ಚುನಾವಣೆ ಬಂತು, ಓಟು ಹಾಕಿ ಬರುತ್ತೇವೆ ಎಂದು ಹೊರಟರು. ನಮ್ಮಲ್ಲಿ ಏಪ್ರಿಲ್ 26ಕ್ಕೆ ಒಂದೇ ದಿನದಲ್ಲಿ ಮುಗಿದ ಮತದಾನ ಅವರ ರಾಜ್ಯದಲ್ಲಿ ಏಳು ಹಂತದಲ್ಲಿ ಜೂನ್ ಒಂದರವರೆಗೆ ನಡೆಯಿತು. ಇಬ್ಬರು ಮೇ ಎರಡನೇ ವಾರದಲ್ಲಿ ಬಂದರು. ಗೋಡೆ ಮುಗಿಸಿ, ತಳಕ್ಕೆ ನಾಲ್ಕು ಇಂಚು ಕಾಂಕ್ರೀಟ್ ಹಾಕಿ, ಮೇ 20ಕ್ಕೆ ಕೈ ತೊಳೆದೆವು. ಸಾರಣೆ, ಬೇಲಿ, ಗೇಟು ಎಲ್ಲ ಮಳೆ ಬಿಟ್ಟ ಮೇಲೆ ಎಂದು ತೀರ್ಮಾನ.

ನಾವು ಮಾಡಿದ ದೊಡ್ಡ ತಪ್ಪು ಇಲ್ಲಿಯದ್ದು, ಸ್ವಲ್ಪ ವಿವರವಾಗಿ ಹೇಳುತ್ತೇವೆ. ಮುಂದೆ ಟಾಂಕಿ ಕಟ್ಟುವವರು ಯಾರಾದರೂ ಇದ್ದರೆ ಉಪಯೋಗಕ್ಕೆ ಬಂದೀತು. ಬೇಲಿ ಇಲ್ಲದ ಕೊಳದಲ್ಲಿ ನೀರು ನಿಲ್ಲಿಸುವುದು ಅಪಾಯ ಎಂದು ನಾವು ಅದನ್ನು ಖಾಲಿ ಬಿಟ್ಟೆವು. ಮಳೆನೀರು ತುಂಬಿದರೆ ಪಂಪಿನಲ್ಲಿ ಖಾಲಿ ಮಾಡುವುದು ಎಂದು ಮೋಟಾರು ಕೂಡ ಇಟ್ಟೆವು. ಕಾಕ ಎರಡು ಸಲ ಹೇಳಿದರು, “ಖಾಲಿ ಬಿಡಬೇಡಿ, ಅಡಿಯಿಂದ ನೀರು ದೂಡ್ತದೆ.” ನಾವು ಓದಿದವರು. ಕಾಂಕ್ರೀಟನ್ನು ನೀರು ಎಲ್ಲಿಗೆ ದೂಡುವುದು ಎಂದುಕೊಂಡೆವು.

ಜೂನ್ ಮೊದಲ ವಾರ ಹೊಯ್ದ ಮಳೆಗೆ ಗುಡ್ಡದ ನೀರೆಲ್ಲ ಮುರಕಲ್ಲಿನ ತೂತುಗಳಲ್ಲಿ ಇಳಿದು, ಕೆಳಗೆ ಶೇಡಿ ಮಣ್ಣು ದಾರಿ ಕೊಡದ ಕಾರಣ ನಮ್ಮ ಕೊಳದ ಸುತ್ತ ನಿಂತಿತು. ಒಳಗೆ ನಾವು ಪಂಪು ಹಾಕಿ ನೀರು ತೆಗೆಯುತ್ತಿದ್ದೇವೆ. ಮೂರನೇ ರಾತ್ರಿ ಹಿಂದಿನಿಂದ ತೆಂಗಿನ ಮರ ಮುರಿದ ಹಾಗೆ ಒಂದು ಶಬ್ದ. ಬೆಳಿಗ್ಗೆ ನೋಡಿದರೆ ಕೊಳದ ತಳ ಹಪ್ಪಳದ ಹಾಗೆ ನಡುವೆ ಉಬ್ಬಿ ಉದ್ದಕ್ಕೆ ಸೀಳಿತ್ತು. ಗುಡ್ಡದ ಕಡೆಯ ಗೋಡೆ ಹೊಟ್ಟೆ ಮುಂದೆ ಮಾಡಿ ನಿಂತಿತ್ತು.

ಆ ದಿನ ಮಧ್ಯಾಹ್ನ ಕೂತು ಲೆಕ್ಕ ಮಾಡಿದೆವು. ಹೊರಗೆ ನೀರು ತಳಕ್ಕಿಂತ ಎರಡು ಅಡಿ ಮೇಲೆ ನಿಂತರೆ, ತಳದ ಪ್ರತಿ ಚದರ ಮೀಟರಿಗೆ ಅಡಿಯಿಂದ ಬೀಳುವ ಒತ್ತಡ ಸುಮಾರು 600 ಕಿಲೋ. ನಾಲ್ಕು ಇಂಚು ಕಾಂಕ್ರೀಟಿನ ಭಾರ ಅಷ್ಟೇ ಜಾಗಕ್ಕೆ ಸುಮಾರು 240 ಕಿಲೋ. ಖಾಲಿ ಕೊಳ ಎಂದರೆ ದೋಣಿಯೇ, ಏಳದೆ ಇನ್ನೇನು ಮಾಡೀತು? ಒಳಗೆ ನೀರು ಇರುತ್ತಿದ್ದರೆ ಅದರ ಭಾರವೇ ತಳವನ್ನು ಹಿಡಿದಿಡುತ್ತಿತ್ತು. ಇದು ಎರಡು ಗೆರೆಯ ಲೆಕ್ಕ, ಆರ್ಕಿಮಿಡೀಸನದ್ದು, ಎಂಟನೇ ಕ್ಲಾಸಿನ ಮಕ್ಕಳಿಗೆ ನಾವೇ ಟ್ಯೂಷನ್‌ನಲ್ಲಿ ಹೇಳಿಕೊಡುವಂಥದ್ದು. ಕಾಕ ಐದನೇ ಕ್ಲಾಸಿಗೆ ಶಾಲೆ ಬಿಟ್ಟವರು. ಅವರು ಬಂದು ನೋಡಿ ಏನೂ ಅನ್ನಲಿಲ್ಲ. ಅಂದಿದ್ದರೆ ನಮಗೆ ಹಗುರವಾಗುತ್ತಿತ್ತು.

ಒಡೆದ ತಳದಿಂದ ನೀರು ಉಕ್ಕಿ ಬಂದು ಕೊಳ ಎರಡೇ ದಿನದಲ್ಲಿ ಕಟ್ಟೆಯವರೆಗೆ ತುಂಬಿತು. ಕೆಂಪು ನೀರು, ಒಂದು ಇಂಚು ಒಳಗೆ ಏನಿದೆ ಎಂದು ಕಾಣುವುದಿಲ್ಲ. ನಾಲ್ಕು ಸುತ್ತ ಅಡಿಕೆ ಸಲಾಕೆ ಊರಿ ಹಗ್ಗ ಕಟ್ಟಿದೆವು, ಹಳೆಯ ಟಾರ್ಪಾಲು ಎಳೆದೆವು. ಬೇಲಿ ಆಯಿತು ಎಂದುಕೊಂಡೆವು.

ಅದು ಜೂನ್ 16, ಭಾನುವಾರ. ನೆರೆಮನೆಯ ಅಕ್ಕ ತಮ್ಮ ನಾಲ್ಕು ವರ್ಷದ ಮಗಳನ್ನು ನಮ್ಮಲ್ಲಿ ಬಿಟ್ಟು ಆಸ್ಪತ್ರೆಗೆ ಹೋಗಿದ್ದರು. ಮಗು ಅಮ್ಮನ ಹಿಂದೆ ಮುಂದೆ ಓಡಾಡುತ್ತಿತ್ತು. ಸಂಜೆ ಮಳೆ ನಿಂತಾಗ ಅಮ್ಮ ಸೌದೆ ತರಲು ಹಿಂದೆ ಹೋದವರು ಕೂಗಿದರು. ಅಂಥ ಕೂಗು ನಾವು ಅವರಿಂದ ಹಿಂದೆ ಕೇಳಿಲ್ಲ. ಟಾರ್ಪಾಲಿನ ಒಂದು ಮೂಲೆ ಜಾರಿ ನೀರಿಗೆ ಇಳಿದಿತ್ತು. ಆ ಮೂಲೆಯಲ್ಲಿ ನೀರಿನ ಮೇಲೆ ಮಗುವಿನ ಒಂದು ಚಪ್ಪಲಿ.

ಯಾರು ಮೊದಲು ಹಾರಿದ್ದು ಎಂದು ಈಗಲೂ ನೆನಪಾಗುವುದಿಲ್ಲ. ಈಜು ಬಾರದ ಇಬ್ಬರು ನಾಲ್ಕೂವರೆ ಅಡಿ ಕೆಸರು ನೀರಿನಲ್ಲಿ ನಿಂತು ಕೈಯಿಂದ ಕಾಲಿನಿಂದ ತಡಕಾಡಿದೆವು. ಒಡೆದ ಕಾಂಕ್ರೀಟಿನ ಅಂಚಿಗೆ ಕಾಲು ಕೊಯ್ದದ್ದು ಆಮೇಲೆ ಗೊತ್ತಾದದ್ದು. ಕೈಗೆ ಟಾರ್ಪಾಲಿನ ಮಡಿಕೆ ಸಿಕ್ಕಿದಾಗಲೆಲ್ಲ ಬಟ್ಟೆ ಎಂದು ಎಳೆದೆವು. ಅಪ್ಪ ಕಾಕನಿಗೆ ಫೋನು ಮಾಡುತ್ತಿದ್ದರು, ಬೆರಳು ನಿಲ್ಲುತ್ತಿರಲಿಲ್ಲ. ಎಷ್ಟು ಹೊತ್ತು? ಐದು ನಿಮಿಷ ಇರಬಹುದು, ಹತ್ತು ಇರಬಹುದು. ಆಗ ತಂಗಿ ಒಳಗಿನಿಂದ ಓಡಿ ಬಂದಳು, ಸೊಂಟದಲ್ಲಿ ಮಗು. ಅದು ಮಂಚದ ಅಡಿಯಲ್ಲಿ ಬೆಕ್ಕಿನ ಮರಿಯ ಜೊತೆ ನಿದ್ದೆ ಹೋಗಿತ್ತು. ಚಪ್ಪಲಿಯನ್ನು ಅದೇ ಮಧ್ಯಾಹ್ನ ಎಸೆದು ಆಡಿತ್ತಂತೆ.

ಅಮ್ಮ ಮಗುವನ್ನು ಎತ್ತಿಕೊಳ್ಳಲಿಲ್ಲ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತರು. ಬಹಳ ಹೊತ್ತಿನ ನಂತರ ಅಪ್ಪನಿಗೆ, “ನಾಳೆ ಇದನ್ನು ಮುಚ್ಚಿಸಿ,” ಎಂದು ಮಾತ್ರ ಹೇಳಿದರು.

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಕೋರೆಯವರನ್ನು ಬೈಯುತ್ತಾ, ಬೇಲಿ ಹಾಕದೆ ಬಿಟ್ಟರಲ್ಲ ಎನ್ನುತ್ತಾ ತಿಂಗಳುಗಟ್ಟಲೆ ಮಾತಾಡಿದವರು ನಾವು. ಮನೆಯ ಹಿಂದೆ ನಾವೇ ಒಂದು ಕೋರೆ ಮಾಡಿ, ನಾಲ್ಕು ಸಲಾಕೆಗೆ ಹಗ್ಗ ಕಟ್ಟಿ, ಒಳಗೆ ಕೂತು ಟಿವಿ ನೋಡುತ್ತಿದ್ದೆವು.

ಮರುದಿನವೇ ತಗಡು ತಂದು ಆಳೆತ್ತರಕ್ಕೆ ಸುತ್ತ ಹೊಡೆದೆವು. ಮುಚ್ಚಲು ಮಣ್ಣು ಇರಲಿಲ್ಲ, ಅಂಗಳಕ್ಕೆ ಹಾಕಿಯಾಗಿತ್ತು. ಮಣ್ಣು ಇರುತ್ತಿದ್ದರೆ ಮುಚ್ಚಿಯೇ ಬಿಡುತ್ತಿದ್ದೆವೋ ಏನೋ. ಜುಲೈ 30ರಂದು ವಯನಾಡಿನ ಚೂರಲ್‌ಮಲ, ಮುಂಡಕೈಯಲ್ಲಿ ಗುಡ್ಡ ಜಾರಿ ಊರುಗಳೇ ಹೋದ ಮೇಲೆ ಅಮ್ಮ ಹಿಂದಿನ ಕೋಣೆಯಲ್ಲಿ ಮಲಗುವುದನ್ನೂ ಬಿಟ್ಟರು. ನಮ್ಮ ಗುಡ್ಡ ಅಂಥದ್ದಲ್ಲ ಎಂದು ಹೇಳಲು ನಮಗೂ ಧೈರ್ಯವಿರಲಿಲ್ಲ, ಅದರ ಬುಡ ಕೊಯ್ದವರು ನಾವೇ ತಾನೆ. ಆ ವರ್ಷ ಕೇರಳದಲ್ಲಿ ಅಮೀಬಾ ಜ್ವರದ ಸುದ್ದಿಯೂ ಬಂತು. ನಿಂತ ನೀರಿನಲ್ಲಿ ಮಿಂದ ಮಕ್ಕಳು ಸತ್ತರು ಎಂದು ಟಿವಿಯಲ್ಲಿ ಬಂದ ವಾರ, ಹೆಸರು ಕೊಟ್ಟಿದ್ದ ಒಂಬತ್ತು ಮನೆಗಳಲ್ಲಿ ಆರು ಮನೆಯವರು ಬೇಡ ಎಂದರು. ಚರ್ಚಿನ ಅಂಗಳದಲ್ಲಿ ಎಲ್ಲಿಗೆ ಬಂತು ಎಂದು ಕೇಳುವವರು ಕಡಿಮೆಯಾದರು. ಅದು ನಗುವುದಕ್ಕಿಂತ ಕಷ್ಟವಾಗಿತ್ತು.

ಡಿಸೆಂಬರಿನಲ್ಲಿ ಆ ಹುಡುಗನ ಅಮ್ಮ ಕುಸ್ವಾರ್ ಕೊಡಲು ಮನೆಗೆ ಬಂದರು. ಹಿಂದಿನ ವರ್ಷ ಅವರ ಮನೆಯಲ್ಲಿ ಹಬ್ಬ ಇರಲಿಲ್ಲ. ಚಹಾ ಕುಡಿದು, ಅದು ಇದು ಮಾತಾಡಿ, ಹೊರಡುವಾಗ ಅಮ್ಮನ ಕೈ ಹಿಡಿದು ಕೇಳಿದರು, “ಹಿಂದಿನ ಕೆರೆ ಮುಗಿಸುವುದಿಲ್ಲವಾ?” ಅಮ್ಮ ಮಾತಾಡಲಿಲ್ಲ. “ಸಣ್ಣವಳಿಗೆ ಒಂಬತ್ತಾಯಿತು. ಅವಳು ಶಾಲೆಗೆ ಹೋಗುವ ದಾರಿಯಲ್ಲೂ ಕೋರೆ ಉಂಟು. ನಾನು ದಿನಾ ಜೊತೆಗೆ ಹೋಗುತ್ತೇನೆ, ಎಷ್ಟು ವರ್ಷ ಹೋಗಲಿ?” ಅಷ್ಟು ಹೇಳಿ ಹೋದರು. ಆ ರಾತ್ರಿ ಊಟಕ್ಕೆ ಕೂತಾಗ ಅಮ್ಮನೇ ಮಾತು ತೆಗೆದರು. ಮೊದಲು ಗೋಡೆ, ಗೇಟು, ಬೀಗ. ಬೀಗದ ಕೈ ಅವರ ಹತ್ತಿರ. ಅದು ಆಗುವವರೆಗೆ ಒಂದು ಕೊಡ ನೀರು ಕೂಡ ಒಳಗೆ ಹೋಗಬಾರದು.

ಎರಡನೇ ಸಲದ ಕೆಲಸದ ಬಗ್ಗೆ ಹೆಚ್ಚು ಹೇಳಲು ಇಲ್ಲ, ಯಾಕೆಂದರೆ ಕಾಕ ಹೇಳಿದ ಹಾಗೆ ಮಾಡಿದೆವು. ಒಡೆದ ತಳ ಕಿತ್ತೆವು. ಅಡಿಗೆ ಮುಕ್ಕಾಲು ಅಡಿ ಜಲ್ಲಿ, ಜಲ್ಲಿಯ ಒಳಗೆ ತೂತು ಹೊಡೆದ ಪೈಪು, ಅದರ ಬಾಯಿ ಕೆಳಗೆ ತೋಟದ ಕಣಿಗೆ. ಅಡಿಗೆ ಬಂದ ನೀರು ದೂಡುತ್ತಾ ನಿಲ್ಲುವ ಬದಲು ಹರಿದು ಹೋಗಲಿ ಎಂದು. ಮೇಲೆ ಸರಳು ಕಟ್ಟಿ ಆರು ಇಂಚು ಕಾಂಕ್ರೀಟ್. ಗುಡ್ಡದ ಕಡೆಯ ಗೋಡೆ ಬಿಚ್ಚಿ ದಪ್ಪಕ್ಕೆ ಕಟ್ಟಿ, ಅದರ ಬೆನ್ನಿಗೆ ಶೇಡಿ ಮಣ್ಣಿನ ಬದಲು ಕಲ್ಲಿನ ಚೂರು ತುಂಬಿಸಿದೆವು. ಖರ್ಚು ಒಟ್ಟು ಮೂರು ಲಕ್ಷ ನಲವತ್ತು ಸಾವಿರ ದಾಟಿತು. ಅಪ್ಪ ಎರಡು ವರ್ಷದ ಅಡಿಕೆಯನ್ನು ಬೆಲೆ ಏರುವವರೆಗೆ ಕಾಯದೆ ಮಾರಿದರು. ಅದರ ಬಗ್ಗೆ ಅವರು ಹೇಳುವುದಿಲ್ಲ, ನಾವು ಕೇಳುವುದಿಲ್ಲ.

ಮಾರ್ಚಿನಲ್ಲಿ ನೀರು ತುಂಬಿಸಿ ನೋಡಿದಾಗ ದಿನಕ್ಕೆ ಎರಡು ಇಂಚು ಇಳಿಯುತ್ತಿತ್ತು. ಬಿಸಿಲಿಗೆ ಆವಿಯಾಗುವುದು ಎಂದರು ಮೇಸ್ತ್ರಿ. ಒಂದು ಬಾಲ್ದಿಯಲ್ಲಿ ನೀರು ತುಂಬಿಸಿ ಕೊಳದ ಮೆಟ್ಟಿಲ ಮೇಲೆ ಇಟ್ಟೆವು, ಬಾಲ್ದಿಯ ಒಳಗೊಂದು ಗೆರೆ, ಕೊಳದ ಗೋಡೆಗೊಂದು ಗೆರೆ. ಮರುದಿನ ಬಾಲ್ದಿಯಲ್ಲಿ ಕಾಲು ಇಂಚು ಕೂಡ ಇಳಿದಿಲ್ಲ, ಕೊಳದಲ್ಲಿ ಎರಡು ಇಂಚು. ಅಂದರೆ ಸೋರಿಕೆ. ಹುಡುಕಲು ಹದಿನಾಲ್ಕು ದಿನ ಹೋಯಿತು, ಸಿಕ್ಕಿದ್ದು ತೋಟಕ್ಕೆ ನೀರು ಬಿಡುವ ಪೈಪು ಗೋಡೆ ದಾಟುವಲ್ಲಿ. ಬಿಎಸ್ಸಿಯ ಮರ್ಯಾದೆ ಸ್ವಲ್ಪ ಉಳಿಯಿತು. ಸೋರಿ ಹೋದ ನೀರು ತೋಟದ ಪಾಲಿನದ್ದು, ಆ ಬೇಸಿಗೆಯಲ್ಲಿ ಅಡಿಕೆಯ ಸೋಗೆ ಹಳದಿಯಾದದ್ದನ್ನು ಅಪ್ಪ ದಿನಾ ನೋಡುತ್ತಿದ್ದರು.

ಸಾರಣೆ ಮುಗಿದದ್ದು ಮೇ 8ಕ್ಕೆ. ಅದಕ್ಕೆ ಒಂದು ವಾರ ನೀರು ಚಿಮುಕಿಸಿದ ಮೇಲೆ ತುಂಬಿಸಲು ನೋಡಿದರೆ ಬಾವಿಯಲ್ಲಿ ನೀರಿಲ್ಲ. ಅಜ್ಜನ ಕಾಲದಲ್ಲಿ ಗುಡ್ಡದೊಳಗೆ ಕೊರೆದ ಸುರಂಗ ಒಂದು ಉಂಟು, ಕಿರುಬೆರಳಿನಷ್ಟು ನೀರು ಹಗಲು ರಾತ್ರಿ ಬರುತ್ತದೆ. ಬಾಲ್ದಿ ಇಟ್ಟು ಅಳೆದೆವು, ನಿಮಿಷಕ್ಕೆ 3 ಲೀಟರ್. ದಿನಕ್ಕೆ 4,320. ತುಂಬಲು ಹನ್ನೊಂದು ದಿನ. ಮಳೆಗೆ ಜೂನ್ ಒಂದರವರೆಗೆ ಸಮಯ ಉಂಟಲ್ಲ ಎಂದು ಪೈಪು ಹಾಕಿ ಕೂತೆವು. ಆ ವರ್ಷ, 2025ರಲ್ಲಿ, ಮುಂಗಾರು ಕೇರಳಕ್ಕೆ ಕಾಲಿಟ್ಟದ್ದು ಮೇ 24ಕ್ಕೆ, ಎಂಟು ದಿನ ಮೊದಲು. ಗುಡುಗಿಗೆ ಎದ್ದು ಮೂವರೂ ಟಾರ್ಚು ಹಿಡಿದು ಹಿಂದೆ ಓಡಿದೆವು. ನೀರು ಮೂರಡಿ ಹತ್ತಿರ ಏರಿತ್ತು. ಕೆಳಗೆ ಕಣಿಯಲ್ಲಿ ಪೈಪಿನ ಬಾಯಿಯಿಂದ ಕೆಂಪು ನೀರು ಧೋ ಎಂದು ಸುರಿಯುತ್ತಿತ್ತು. ಕಾಕ ಆಗಲೇ ಅಲ್ಲಿ ಕೊಡೆ ಹಿಡಿದು ನಿಂತಿದ್ದರು. ನಿದ್ದೆ ಅವರಿಗೂ ಬಂದಿರಲಿಲ್ಲ. “ಹೋಗ್ತಾ ಉಂಟು,” ಎಂದರು. ತಳ ಏಳಲಿಲ್ಲ.

ಆ ಮಳೆಗಾಲ ಮತ್ತೆ ಅಮೀಬಾ ಸುದ್ದಿ, ಮೊದಲಿಗಿಂತ ಜೋರು. ಈ ಸಲ ಹೆದರಿ ಕೂರದೆ ಓದಿಕೊಂಡು ಮನೆಮನೆಗೆ ಹೋದೆವು. ಆ ಅಮೀಬಾ ಕುಡಿದ ನೀರಿನಿಂದ ಬರುವುದಲ್ಲ, ಮೂಗಿನ ಮೂಲಕ ಒಳಗೆ ಹೋಗುತ್ತದೆ. ಬೆಚ್ಚಗಿನ, ನಿಂತ, ಕ್ಲೋರಿನ್ ಇಲ್ಲದ ಸಿಹಿನೀರು ಅದಕ್ಕೆ ಇಷ್ಟ. ನಮ್ಮ 48 ಸಾವಿರ ಲೀಟರಿಗೆ ಲೀಟರಿಗೊಂದು ಮಿಲಿಗ್ರಾಂ ಕ್ಲೋರಿನ್ ಬೇಕೆಂದರೆ 48 ಗ್ರಾಂ. ಒಳ್ಳೆಯ ಬ್ಲೀಚಿಂಗ್ ಪುಡಿಯಲ್ಲಿ ಮೂರನೇ ಒಂದು ಪಾಲು ಕ್ಲೋರಿನ್ ಇರುತ್ತದೆ, ಅಂದರೆ ಸುಮಾರು 150 ಗ್ರಾಂ ಪುಡಿ. ಅಷ್ಟೇ ಹಾಕಿ ಮುಗಿಯುವುದಿಲ್ಲ, ಬಿಸಿಲಿಗೆ ಕ್ಲೋರಿನ್ ಹಾರಿ ಹೋಗುತ್ತದೆ, ಎಲೆ ಕಸ ಬಿದ್ದರೆ ಅದಕ್ಕೂ ಖರ್ಚಾಗುತ್ತದೆ. ಆದ್ದರಿಂದ ಮಕ್ಕಳು ಇಳಿಯುವ ಮೊದಲು ಪ್ರತಿ ಸಲ ಹನಿ ಹಾಕಿ ಬಣ್ಣ ನೋಡುವ ಕಿಟ್ಟಿನಲ್ಲಿ ಪರೀಕ್ಷೆ ಮಾಡಬೇಕು. ಹತ್ತು ದಿನಕ್ಕೊಮ್ಮೆ ಸ್ವಲ್ಪ ನೀರು ತೋಟಕ್ಕೆ, ಹೊಸ ನೀರು ಒಳಗೆ. ಬಣ್ಣ ಬಾರದ ದಿನ ಈಜು ಇಲ್ಲ. ಆರು ಮನೆಯವರಲ್ಲಿ ನಾಲ್ವರು ಒಪ್ಪಿದರು. ಇಬ್ಬರು ಇನ್ನೂ ಒಪ್ಪಿಲ್ಲ, ಅವರನ್ನು ನಾವು ತಪ್ಪು ಹೇಳುವುದಿಲ್ಲ.

ಮೊದಲ ತರಗತಿ ಮೊಂತಿ ಹಬ್ಬ ಕಳೆದು ಮಳೆ ಕಡಿಮೆಯಾದ ಮೇಲೆ, ಅಕ್ಟೋಬರಿನ ಒಂದು ಶನಿವಾರ. ಏಳು ಮಕ್ಕಳು, ಜೊತೆಗೆ ನಾವು ಮೂವರು. ಕಾಕ ನೀರಿನಲ್ಲಿ, ನೀಲಿ ಬನಿಯನ್ನಿನಲ್ಲಿ. ಕೈಕಾಲು ಬಡಿಯಲು ಮೊದಲ ದಿನ ಕಲಿಸಲೇ ಇಲ್ಲ. ಮುಖ ನೀರಿಗೆ ಹಾಕಿ ಉಸಿರು ಬಿಡುವುದು, ಆಮೇಲೆ ಬೆನ್ನ ಮೇಲೆ ಮಲಗುವುದು, ಅಷ್ಟೇ. “ಬಿದ್ದವ ಮೊದಲು ತೇಲಬೇಕು. ಈಜುವುದು ಆಮೇಲೆ,” ಎಂಬುದು ಅವರ ಲೆಕ್ಕ. ಒಣ ತೆಂಗಿನಕಾಯಿ ಜೋಡಿ ಕಟ್ಟಿ ತಂದಿದ್ದರು, ತಂಗಿ ಅದನ್ನು ನೋಡಿ ನಕ್ಕವಳು ಐದು ನಿಮಿಷದಲ್ಲಿ ಅದನ್ನೇ ಅಪ್ಪಿ ಹಿಡಿದಿದ್ದಳು. ನಮ್ಮಲ್ಲಿ ದೊಡ್ಡವರು ಮೂರನೇ ವಾರದವರೆಗೆ ತೇಲಲಿಲ್ಲ, ಎಂಟು ವರ್ಷದ ಮಕ್ಕಳು ಸಲಹೆ ಕೊಡುತ್ತಿದ್ದರು.

ಅಮ್ಮ ಗೇಟಿನ ಒಳಗೆ, ಬಟ್ಟೆ ಒಗೆಯುವ ಕಲ್ಲನ್ನು ಎಳೆಸಿಕೊಂಡು ಬಂದು ಕೂರುತ್ತಾರೆ. ಪಕ್ಕದಲ್ಲಿ ಹಗ್ಗ ಕಟ್ಟಿದ ಟಯರ್ ಟ್ಯೂಬು. ಮೊಬೈಲು ಮುಟ್ಟುವುದಿಲ್ಲ, ಯಾರಾದರೂ ಮಾತಾಡಿಸಿದರೆ ಅವರ ಮುಖ ನೋಡದೆ ಉತ್ತರ ಕೊಡುತ್ತಾರೆ. ಐದು ನಿಮಿಷಕ್ಕೊಮ್ಮೆ ತಲೆ ಎಣಿಸುತ್ತಾರೆ, ಬಾಯಿಬಿಟ್ಟು, ಕೊಂಕಣಿಯಲ್ಲಿ. ನಮ್ಮನ್ನೂ ಸೇರಿಸಿ ಎಣಿಸುತ್ತಾರೆ.

ಆ ಹುಡುಗನ ತಂಗಿ ಮೊದಲ ನಾಲ್ಕು ವಾರ ಬರಲಿಲ್ಲ. ಐದನೇ ಶನಿವಾರ ಅವಳ ಅಮ್ಮ ಕೈ ಹಿಡಿದು ಕರೆತಂದರು. ಬೀಗ ತೆಗೆಯುವಾಗ ಇಬ್ಬರು ಅಮ್ಮಂದಿರೂ ಏನೂ ಮಾತಾಡಲಿಲ್ಲ. ಹುಡುಗಿ ಮೆಟ್ಟಿಲಿನ ಎರಡನೇ ಹಂತದವರೆಗೆ ಇಳಿದು, ಕಂಬಿ ಹಿಡಿದು ಕೂತಳು. ನೀರು ಮೊಣಕಾಲಿಗೆ. ಕಾಕ ಹತ್ತಿರ ಬಂದು ಕೈ ಚಾಚಿದರು, ತಲೆ ಅಲ್ಲಾಡಿಸಿದಳು. ಅವರು ಒತ್ತಾಯ ಮಾಡಲಿಲ್ಲ, ಒಂದು ತೆಂಗಿನಕಾಯಿ ಜೋಡಿಯನ್ನು ಅವಳ ಪಕ್ಕದಲ್ಲಿ ನೀರಿನ ಮೇಲೆ ಬಿಟ್ಟು ಉಳಿದವರ ಕಡೆ ಹೋದರು. ಮುಕ್ಕಾಲು ಗಂಟೆ ಅವಳು ಅಲ್ಲೇ ಕೂತು ಕಾಲಿನಿಂದ ಆ ಕಾಯಿಯನ್ನು ದೂಡುವುದು, ಅದು ಮತ್ತೆ ಬರುವುದು, ಮತ್ತೆ ದೂಡುವುದು ಮಾಡುತ್ತಿದ್ದಳು.

ಅವಳು ಬರುವುದು ಈಗ ಮೂರನೇ ವಾರ. ಇನ್ನೂ ಕಂಬಿ ಬಿಟ್ಟಿಲ್ಲ, ಆದರೆ ಮೂರನೇ ಮೆಟ್ಟಿಲಿಗೆ ಇಳಿದಿದ್ದಾಳೆ. ಅಮ್ಮ ಈಗ ಹನ್ನೊಂದರವರೆಗೆ ಎಣಿಸುತ್ತಾರೆ.